ನಾರ್ಮಲ್ ಬಂತು ಅಂತ ಬಿಟ್ಟ ಮಾತ್ರೆ

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ ಅವರ ಕಪಾಟು ತೆಗೆದೆ. ಹೊಸ ಮಾತ್ರೆ ಇಡಲು ಜಾಗ ಮಾಡಬೇಕಿತ್ತು. ಹಳೇ ಪಂಚಾಂಗಗಳ ಹಿಂದೆ ಒಂದು ಬಿಸ್ಕೆಟ್ ಡಬ್ಬಿ ಸಿಕ್ಕಿತು. ಒಳಗೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಅಟೊರ್ವಾಸ್ಟಾಟಿನ್ 20ರ ಏಳು ಸ್ಟ್ರಿಪ್. ಒಂದರಲ್ಲಿ ನಾಲ್ಕು ಗುಳಿ ಮಾತ್ರ ಒಡೆದಿತ್ತು. ಉಳಿದ ಆರು ಅಂಗಡಿಯಿಂದ ಬಂದ ಹಾಗೇ ಇದ್ದವು. ಎಲ್ಲದರ ಮೇಲೂ ಡೇಟ್ ಮುಗಿದಿತ್ತು. ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಎರಡು ಲ್ಯಾಬ್ ರಿಪೋರ್ಟ್. 2018ರದ್ದರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅಂತ ಕರೆಯುವ ಎಲ್‌ಡಿಎಲ್ 168. ಮರುವರ್ಷದ್ದರಲ್ಲಿ 96. ಎರಡನೆಯದರಲ್ಲಿ 96ರ ಕೆಳಗೆ ಅಪ್ಪ ನೀಲಿ ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಉತ್ತರ ಸರಿ ಇದ್ದರೆ ಗೆರೆ ಹಾಕುವುದು ಅವರ ಅಭ್ಯಾಸ.

ಡಬ್ಬಿ ಹಿಡಿದುಕೊಂಡು ಹೋಗಿ ಕೇಳಿದೆ. ದಿಂಬಿಗೆ ಒರಗಿ ಕೂತಿದ್ದರು. ಕೋಪ ಮಾಡಿಕೊಳ್ಳಲಿಲ್ಲ, ಮುಚ್ಚಿಡಲೂ ಇಲ್ಲ. "ನಾರ್ಮಲ್ ಬಂದಿತ್ತಲ್ಲೋ. ಇನ್ಯಾಕೆ ಸುಮ್ನೆ ಅಂತ ಬಿಟ್ಟೆ" ಅಂದರು.

ಆ ಮಾತು ನನ್ನನ್ನು ಮೂರು ವರ್ಷದಿಂದ ಬಿಟ್ಟಿಲ್ಲ. ಅದರಲ್ಲಿ ತಪ್ಪು ಹುಡುಕುವುದು ಅಷ್ಟು ಸುಲಭ ಅಲ್ಲ. ಜ್ವರ ಬಂದರೆ ಮಾತ್ರೆ ತಗೋತೀವಿ, ಜ್ವರ ಬಿಟ್ಟರೆ ಮಾತ್ರೆ ಬಿಡ್ತೀವಿ. ಔಷಧಿ ಅಂದರೆ ನಮಗೆ ಗೊತ್ತಿರುವುದು ಅದೇ. ಇಲ್ಲಿ ಜ್ವರವೇ ಇಲ್ಲ. ನೋವಿಲ್ಲ, ಸುಸ್ತಿಲ್ಲ. ಕಾಗದದ ಮೇಲೆ ಒಂದು ಸಂಖ್ಯೆ ಜಾಸ್ತಿ ಇತ್ತು, ಅದು ಕಮ್ಮಿ ಆಯಿತು. ಕಾಯಿಲೆ ವಾಸಿ ಆಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಆ 96 ಅಪ್ಪನ ಮೈ ತಾನಾಗಿ ಕೊಟ್ಟ ಸಂಖ್ಯೆ ಅಲ್ಲ, ದಿನಾ ರಾತ್ರಿ ನುಂಗುತ್ತಿದ್ದ ಮಾತ್ರೆ ಹಿಡಿದಿಟ್ಟ ಸಂಖ್ಯೆ ಅಂತ ಅವರಿಗೆ ಯಾರೂ ಕೂತು ಹೇಳಿರಲಿಲ್ಲ. ಮಗನಾದ ನಾನೂ ಹೇಳಿರಲಿಲ್ಲ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಅದು ಹಳೇ ಜಾಗಕ್ಕೆ ವಾಪಸ್ ಹೋಗುತ್ತದೆ. ಹಾರ್ಟ್ ಅಟ್ಯಾಕ್ ಆದ ದಿನ ಅಪ್ಪನ ಎಲ್‌ಡಿಎಲ್ 171 ಇತ್ತು.

ಗೋಡೆಯೊಳಗೆ

2022ರ ಆಗಸ್ಟ್. ಸಾಗರದಲ್ಲಿ ಮಳೆ ಹಿಡಿದರೆ ಬಿಡದ ದಿನಗಳು. ಬೆಳಗಿನ ಜಾವ ಎದೆ ಹಿಂಡುತ್ತಿದೆ ಅಂದರು, ಬೆವರಿದ್ದರು. ಊರಿನಲ್ಲೇ ಇಸಿಜಿ ಮಾಡಿಸಿ, ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಆ ದಾರಿಯ ಬಗ್ಗೆ ಬರೆಯುವುದಿಲ್ಲ. ಅಂಥ ದಾರಿಯಲ್ಲಿ ಹೋದವರಿಗೆ ಅದು ಗೊತ್ತಿರುತ್ತದೆ.

ಸ್ಟೆಂಟ್ ಹಾಕಿ ಮುಗಿದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಕಪ್ಪು-ಬಿಳುಪು ಚಿತ್ರ. ಡೈ ಬಿಟ್ಟಾಗ ರಕ್ತನಾಳ ಕಪ್ಪಾಗಿ ತುಂಬಿಕೊಳ್ಳುತ್ತಾ ಕೆಳಗೆ ಇಳಿಯುತ್ತದೆ. ಹೃದಯದ ಮುಂಭಾಗಕ್ಕೆ ಹೋಗುವ ದೊಡ್ಡ ನಾಳ ಅರ್ಧ ದಾರಿಯಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು. ಆಮೇಲೆ ಇನ್ನೊಂದು ಚಿತ್ರ ಹಾಕಿದರು. ಹೆಪ್ಪು ತೆಗೆದ ಮೇಲಿನದು. "ನೋಡಿ, ಇಲ್ಲಿ ಮೊದಲಿದ್ದ ಬ್ಲಾಕ್ ಅಷ್ಟೇನೂ ದೊಡ್ಡದಲ್ಲ, ಅರ್ಧ ಇರಬಹುದು. ಅದು ಒಡೆದಿದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿದೆ." ಪಕ್ಕದ ಇನ್ನೊಂದು ನಾಳದಲ್ಲಿ ಇದಕ್ಕಿಂತ ಕಿರಿದಾದ ಜಾಗ ಇತ್ತು. ಅದು ಸುಮ್ಮನೆ ಇತ್ತು.

ನನಗೆ ಒಂದೇ ಪ್ರಶ್ನೆ. ಎಂಟು ತಿಂಗಳ ಹಿಂದೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಮಾಡಿಸಿದ್ದೆವಲ್ಲ? ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋಗಿಬಿಟ್ಟಾಗ ಇಡೀ ಕರ್ನಾಟಕ ಎದೆ ಮುಟ್ಟಿ ನೋಡಿಕೊಂಡಿತ್ತು. ಬೆಂಗಳೂರಿನ ಜಯದೇವದ ಎದುರು ಜನ ಸಾಲು ನಿಂತಿದ್ದು ನೆನಪಿರಬೇಕು. ಆ ಡಿಸೆಂಬರಿನಲ್ಲಿ ನಾನೂ ಹಟ ಮಾಡಿ ಅಪ್ಪನನ್ನು ಟ್ರೆಡ್‌ಮಿಲ್ ಮೇಲೆ ಹತ್ತಿಸಿದ್ದೆ. ನಾರ್ಮಲ್ ಬಂದಿತ್ತು. ಇನ್ನೊಂದು ನಾರ್ಮಲ್.

ಡಾಕ್ಟರು ಹೇಳಿದ್ದನ್ನು ಆಮೇಲೆ ನಾನೇ ಓದಿಕೊಂಡು, ಕೇಳಿಕೊಂಡು ಅರ್ಥ ಮಾಡಿಕೊಂಡೆ. ನಮ್ಮೆಲ್ಲರ ತಲೆಯಲ್ಲಿ ಇರುವುದು ಪೈಪಿನ ಚಿತ್ರ. ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತದೆ, ಒಂದು ದಿನ ಪೂರ್ತಿ ಬಂದ್ ಆಗುತ್ತದೆ ಅಂತ. ನಿಜವಾಗಿ ಆಗುವುದಕ್ಕೆ ನಮ್ಮ ಮಲೆನಾಡಿನ ಮನೆ ಗೋಡೆಯೇ ಸರಿಯಾದ ಹೋಲಿಕೆ ಅನ್ನಿಸುತ್ತದೆ. ಮಳೆಗಾಲದಲ್ಲಿ ನೀರು ಗೋಡೆಯ ಒಳಗೆ ಇಳಿಯುತ್ತದೆ. ಹೊರಗೆ ಬಣ್ಣ ಚೆನ್ನಾಗೇ ಇರುತ್ತದೆ. ನಾಲ್ಕಾರು ಮಳೆ ಕಳೆದ ಮೇಲೆ ಗಿಲಾವಿನ ಹಿಂದೆ ಪುಡಿ ಸೇರಿ ಒಂದು ಕಡೆ ಉಬ್ಬುತ್ತದೆ. ಬೆರಳಲ್ಲಿ ಒತ್ತಿದರೆ ಪಳಕ್ ಅಂತ ಒಡೆದು ಒಳಗಿನದೆಲ್ಲ ಹೊರಗೆ ಉದುರುತ್ತದೆ.

ರಕ್ತನಾಳದಲ್ಲೂ ಹೀಗೇ. ಕೊಲೆಸ್ಟ್ರಾಲ್ ನೀರಿನಲ್ಲಿ ಬೆರೆಯುವ ವಸ್ತು ಅಲ್ಲ. ಅದಕ್ಕೇ ಲಿವರ್ ಅದನ್ನು ಪೊಟ್ಟಣ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಆ ಪೊಟ್ಟಣಗಳು ಮೈಯೆಲ್ಲ ತಿರುಗಿ ಕೊನೆಗೆ ಉಳಿಯುವ ರೂಪವೇ ಎಲ್‌ಡಿಎಲ್. ಎಷ್ಟು ಸಣ್ಣದು ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 45 ಸಾವಿರ ಪೊಟ್ಟಣ ಸಾಲಾಗಿ ಕೂರುತ್ತವೆ. ಇಷ್ಟು ಸಣ್ಣದಾದ್ದರಿಂದಲೇ ನಾಳದ ಒಳಪದರ ದಾಟಿ ಗೋಡೆಯೊಳಗೆ ಹೋಗಿಬಿಡುತ್ತದೆ. ಕೆಲವು ಅಲ್ಲೇ ಅಂಟಿಕೊಂಡು ಕೆಡುತ್ತವೆ. ಕೆಟ್ಟದ್ದನ್ನು ಕ್ಲೀನ್ ಮಾಡಲು ಬಿಳಿ ರಕ್ತಕಣಗಳು ಗೋಡೆಯೊಳಗೆ ನುಗ್ಗುತ್ತವೆ. ತಿನ್ನುತ್ತವೆ, ತಿಂದು ತಿಂದು ನೊರೆ ತುಂಬಿದ ಹಾಗೆ ಊದಿಕೊಳ್ಳುತ್ತವೆ, ಅಲ್ಲೇ ಸಾಯುತ್ತವೆ. ಆ ಸತ್ತ ಕಣಗಳ ರಾಶಿಯ ಮೇಲೆ ಮೈ ಒಂದು ಮುಚ್ಚಳ ಹಾಕಿ ಸಮಾಧಾನ ಮಾಡಿಕೊಳ್ಳುತ್ತದೆ. ಗೋಡೆ ಮೊದಲು ಹೊರಗಡೆಗೆ ಉಬ್ಬುತ್ತದೆ, ರಕ್ತ ಹರಿಯುವ ದಾರಿ ಹಾಗೇ ಇರುತ್ತದೆ. ಒಳಗಿನ ಗಂಟು ನಾಳದ ಶೇಕಡಾ 40ರಷ್ಟು ಜಾಗ ತುಂಬುವವರೆಗೂ ದಾರಿ ಕಿರಿದಾಗುವುದಿಲ್ಲ ಅಂತ ಗ್ಲಾಗೊವ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದರು. ಟಿಎಂಟಿ ನೋಡುವುದು ರಕ್ತ ಸಾಕಷ್ಟು ಹರಿಯುತ್ತಿದೆಯಾ ಅಂತ. ಗೋಡೆಯೊಳಗೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ. ಅಪ್ಪ ಟ್ರೆಡ್‌ಮಿಲ್ ಮೇಲೆ ಚೆನ್ನಾಗಿ ನಡೆದಿದ್ದರಲ್ಲಿ ಏನೂ ಮೋಸ ಇರಲಿಲ್ಲ. ದಾರಿ ತೆರೆದೇ ಇತ್ತು. ಮುಚ್ಚಳ ಮಾತ್ರ ತೆಳ್ಳಗಾಗಿತ್ತು.

ಇದು ಶುರುವಾಗುವ ವಯಸ್ಸು ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಪರೀಕ್ಷೆ ಮಾಡಿ 1953ರಲ್ಲಿ ಒಂದು ವರದಿ ಬಂತು. ಸರಾಸರಿ ವಯಸ್ಸು 22. ನಾಲ್ವರಲ್ಲಿ ಮೂವರಿಗಿಂತ ಜಾಸ್ತಿ ಮಂದಿಯ ನಾಳಗಳಲ್ಲಿ ಆಗಲೇ ಇದರ ಗುರುತು ಇತ್ತು. ಗಟ್ಟಿಮುಟ್ಟಾದ ಹುಡುಗರು ಅವರು. ಅಂದರೆ ಅಪ್ಪನ ಗೋಡೆಗೆ ನೀರು ಇಳಿಯಲು ಶುರುವಾಗಿದ್ದು ಬಹುಶಃ ನಾನು ಹುಟ್ಟುವ ಮೊದಲೇ. 168 ಎಂಬ ಸಂಖ್ಯೆಯೊಂದೇ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟು ವರ್ಷ ಅದು ಹಾಗಿತ್ತು ಅನ್ನುವುದೂ ಬರುತ್ತದೆ. ನಮ್ಮ ಕಡೆಯವರಿಗೆ ಆ ವರ್ಷಗಳೂ ಕಮ್ಮಿ. 52 ದೇಶಗಳ ಜನರನ್ನು ನೋಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಆದ ಸರಾಸರಿ ವಯಸ್ಸು 53. ಬೇರೆಯವರಿಗೆ ಹತ್ತಿರ ಹತ್ತಿರ 59. ಆ ಅಧ್ಯಯನ ನಡೆಸಿದ ಸಲೀಂ ಯೂಸುಫ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ.

ಬೂಷ್ಟಿನಿಂದ ಬಂದ ಔಷಧಿ

ಅಪ್ಪನಿಗೆ ಇದನ್ನೆಲ್ಲ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗಲೇ ಅಕಿರಾ ಎಂಡೊ ಅವರ ಕತೆ ಓದಿದೆ. ಜಪಾನಿನ ಅಕಿತಾ ಎಂಬ ಕಡೆಯ ರೈತರ ಮನೆಯ ಹುಡುಗ. ಚಿಕ್ಕಂದಿನಿಂದ ಅಣಬೆ, ಬೂಷ್ಟು ಅಂದರೆ ಆಸೆ. ಬೂಷ್ಟಿನಿಂದ ಪೆನ್ಸಿಲಿನ್ ತೆಗೆದ ಫ್ಲೆಮಿಂಗ್ ಅವರಿಗೆ ಆದರ್ಶ. 1971ರಲ್ಲಿ ಟೋಕಿಯೋದ ಸಾಂಕ್ಯೊ ಕಂಪನಿಯಲ್ಲಿ ಅವರು ಒಂದು ಊಹೆ ಹಿಡಿದು ಹೊರಟರು. ಬೂಷ್ಟು ತನ್ನ ಶತ್ರುಗಳಾದ ಕ್ರಿಮಿಗಳನ್ನು ಕೊಲ್ಲಲು ಏನೇನೋ ತಯಾರಿಸುತ್ತದೆ. ಅದರಲ್ಲಿ ಕೊಲೆಸ್ಟ್ರಾಲಿನಂಥ ವಸ್ತು ತಯಾರಾಗುವುದನ್ನು ತಡೆಯುವಂಥದ್ದೂ ಇರಬಹುದು ಅಲ್ವಾ? ಎರಡು ವರ್ಷ, ಆರು ಸಾವಿರಕ್ಕೂ ಹೆಚ್ಚು ಬಗೆಯ ಬೂಷ್ಟು. ಒಂದೊಂದನ್ನೇ ಬೆಳೆಸಿ, ರಸ ತೆಗೆದು ನೋಡಿದರು. ಕೊನೆಗೆ ಕ್ಯೋಟೊ ನಗರದ ಒಂದು ಧಾನ್ಯದ ಅಂಗಡಿಯ ಅಕ್ಕಿಯ ಮೇಲಿದ್ದ ನೀಲಿ-ಹಸಿರು ಬೂಷ್ಟಿನಲ್ಲಿ ಸಿಕ್ಕಿತು. ಅದೇ ಕಾಂಪಾಕ್ಟಿನ್, ಅಪ್ಪನ ಅಟೊರ್ವಾಸ್ಟಾಟಿನ್ ಸೇರಿರುವ ಸ್ಟಾಟಿನ್ ಎಂಬ ಔಷಧಿಗಳ ಗುಂಪಿನಲ್ಲಿ ಮೊದಲನೆಯದು. ಇಲಿಗಳಿಗೆ ಕೊಟ್ಟರೆ ಕೆಲಸ ಮಾಡಲಿಲ್ಲ. ಯೋಜನೆ ಅಲ್ಲಿಗೇ ನಿಂತುಹೋಗುವುದರಲ್ಲಿತ್ತು. ಮೊಟ್ಟೆ ಇಡುವ ಕೋಳಿಗಳಿಗೆ ಕೊಟ್ಟು ನೋಡಿದರು. ಕೊಲೆಸ್ಟ್ರಾಲ್ ಇಳಿಯಿತು. ಕಾಂಪಾಕ್ಟಿನ್ ಅಂಗಡಿಗೆ ಬರಲೇ ಇಲ್ಲ. ಅದೇ ಜಾತಿಯ ಲೊವಾಸ್ಟಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಂಡೊ 2024ರಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಒಂದು ಮೂಲೆಯಲ್ಲಿ ಬಂದಿದ್ದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಇಂಥವರನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕು.

ಅಪ್ಪನಿಗೆ ಈ ಕತೆ ಹಿಡಿಸಿತು. ಅಡಿಕೆ, ಅಕ್ಕಿ ಎರಡಕ್ಕೂ ಬೂಷ್ಟು ಹಿಡಿಯುವುದನ್ನು ಜೀವಮಾನವಿಡೀ ನೋಡಿದವರು. "ಬೂಷ್ಟು ಕೊಬ್ಬು ಕರಗಿಸುತ್ತಾ?" ಅಂದರು. ಅಲ್ಲೇ ಇರುವುದು ಎಲ್ಲರೂ ಎಡವುವ ಜಾಗ. ಸ್ಟಾಟಿನ್ ಏನನ್ನೂ ಕರಗಿಸುವುದಿಲ್ಲ. ಸೋಪಿನ ಹಾಗೆ ನಾಳ ತೊಳೆಯುವುದೂ ಇಲ್ಲ. ಅದರ ಕೆಲಸ ನಡೆಯುವುದು ಲಿವರಿನಲ್ಲಿ.

ನಾನು ಅಪ್ಪನಿಗೆ ಹೇಳಿದ್ದು ಹೀಗೆ. ಕೊಟ್ಟಿಗೆಯಲ್ಲಿ ಕರೆಯುವ ಹಸು ಇದ್ದಾಗ ನಾವು ಡೈರಿ ಕಡೆ ತಲೆ ಹಾಕಲ್ಲ. ಹಸು ಬತ್ತಿದರೆ ತಂಬಿಗೆ ಹಿಡಿದು ಹೊರಗೆ ಹೊರಡಲೇಬೇಕು. ಲಿವರಿಗೆ ದಿನಾ ಕೊಲೆಸ್ಟ್ರಾಲ್ ಬೇಕು. ಪಿತ್ತರಸ ಮಾಡಲು ಬೇಕು, ಜೀವಕೋಶದ ಗೋಡೆ ಕಟ್ಟಲು ಬೇಕು. ತನ್ನಲ್ಲೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಒಂದು ಕಿಣ್ವ ಮುಖ್ಯ. ಸ್ಟಾಟಿನ್ ಅದನ್ನು ತಡೆಯುತ್ತದೆ. ಮನೆಯ ಹಸು ಬತ್ತಿತು. ಆಗ ಲಿವರ್ ತನ್ನ ಮೈಮೇಲೆ ಜಾಸ್ತಿ ಕೈಗಳನ್ನು ಮೂಡಿಸಿಕೊಂಡು ರಕ್ತದಲ್ಲಿ ಹೋಗುತ್ತಿರುವ ಎಲ್‌ಡಿಎಲ್ ಪೊಟ್ಟಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಆ ಕೈಗಳಿಗೆ ಎಲ್‌ಡಿಎಲ್ ರಿಸೆಪ್ಟರ್ ಅಂತ ಹೆಸರು. ಅವನ್ನು ಕಂಡುಹಿಡಿದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅವರು ಶುರು ಮಾಡಿದ್ದು ಹುಟ್ಟಿನಿಂದಲೇ ಈ ಕೈಗಳು ಇಲ್ಲದ ಮಕ್ಕಳಿಂದ. ಅಂಥ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿಬಿಡಬಹುದು. ಕೊಲೆಸ್ಟ್ರಾಲ್ ನಾಳಕ್ಕೆ ಏನು ಮಾಡುತ್ತದೆ ಅಂತ ಯಾರಾದರೂ ವಾದಕ್ಕೆ ಬಂದರೆ ನನಗೆ ನೆನಪಾಗುವುದು ಆ ಮಕ್ಕಳು.

ರಕ್ತದಲ್ಲಿ ಪೊಟ್ಟಣ ಕಮ್ಮಿಯಾದರೆ ಗೋಡೆಗೆ ಇಳಿಯುವುದೂ ಕಮ್ಮಿ. ಒಳಗಿನ ರಾಶಿ ನಿಧಾನಕ್ಕೆ ಒಣಗುತ್ತದೆ, ಮೇಲಿನ ಮುಚ್ಚಳ ದಪ್ಪ ಆಗುತ್ತದೆ, ಒಡೆಯುವ ಸಾಧ್ಯತೆ ಕಮ್ಮಿ ಆಗುತ್ತದೆ. ಗಂಟು ಪೂರ್ತಿ ಮಾಯ ಆಗುವುದಿಲ್ಲ. ಇದಕ್ಕೆ ವರ್ಷಗಳು ಬೇಕು, ಬಿಟ್ಟು ಬಿಟ್ಟು ತಗೊಂಡರೆ ಆಗುವುದಿಲ್ಲ. 1994ರಲ್ಲಿ ಉತ್ತರ ಯುರೋಪಿನ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಅರ್ಧ ಜನಕ್ಕೆ ಸಿಂವಾಸ್ಟಾಟಿನ್, ಅರ್ಧ ಜನಕ್ಕೆ ಔಷಧಿ ಇಲ್ಲದ ಸಪ್ಪೆ ಮಾತ್ರೆ. ಐದು ವರ್ಷ ಚಿಲ್ಲರೆ ಕಳೆದಾಗ ಸಪ್ಪೆ ಮಾತ್ರೆಯವರಲ್ಲಿ 256 ಜನ ಹೋಗಿದ್ದರು, ಸ್ಟಾಟಿನ್‌ನವರಲ್ಲಿ 182. ನಡುವೆ ಇರುವ 74 ಜನ ಯಾರು ಅಂತ ಯಾರಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ಮಾತ್ರೆಯಿಂದ ಉಳಿದೆ ಅಂತ ಯಾರಿಗೂ ಒಂದು ದಿನ ಬೆಳಗ್ಗೆ ಎದ್ದು ಅನ್ನಿಸುವುದಿಲ್ಲ. ಇಂಥ ಮಾತ್ರೆಯನ್ನು ನಂಬಿ ದಿನಾ ನುಂಗು ಅಂತ ಒಬ್ಬ ಮನುಷ್ಯನಿಗೆ ಹೇಳುವುದು ಎಷ್ಟು ಕಷ್ಟ ಅಂತ ನನಗೆ ಅರ್ಥ ಆಗಿದ್ದು ಈ ಲೆಕ್ಕ ನೋಡಿದಾಗ.

ಕಾಲು ನೋವಿನ ಮಾತು

ಅಪ್ಪ ಮಾತ್ರೆ ಬಿಡಲು ಇನ್ನೊಂದು ಕಾರಣ ಇತ್ತು, ಅದನ್ನು ತಿಂಗಳಾದ ಮೇಲೆ ಹೇಳಿದರು. ಕಾಲು ಸೆಳೆತ. ಜೊತೆಗೆ ಪರಿಚಯದವರೊಬ್ಬರು ಕಳಿಸಿದ ವಾಟ್ಸಾಪ್ ಸಂದೇಶ. ಕೊಲೆಸ್ಟ್ರಾಲ್ ಅನ್ನುವುದೇ ಔಷಧಿ ಕಂಪನಿಗಳ ಹುನ್ನಾರ, ಈ ಮಾತ್ರೆ ಸ್ನಾಯು ತಿನ್ನುತ್ತದೆ ಅಂತ. ನಾನು ಕಾಲು ನೋವನ್ನು ಸುಳ್ಳು ಅನ್ನುವುದಿಲ್ಲ. ಕೆಲವರಿಗೆ ಸ್ಟಾಟಿನ್‌ನಿಂದ ಸ್ನಾಯು ನೋವು ಬರುವುದು ನಿಜ. ಅಪರೂಪಕ್ಕೆ ಜೋರಾಗಿಯೂ ಬರುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿ ಇರುವವರಿಗೆ ಸಕ್ಕರೆ ಸ್ವಲ್ಪ ಏರುವುದೂ ಉಂಟು. ಇದನ್ನು ಡಾಕ್ಟರ ಹತ್ತಿರ ಹೇಳಿದರೆ ಡೋಸ್ ಬದಲಿಸುತ್ತಾರೆ, ಮಾತ್ರೆ ಬದಲಿಸುತ್ತಾರೆ. ಹೇಳದೆ ಬಿಡುವುದರಿಂದ ಮಾತ್ರ ಕೇಡು.

ಲಂಡನ್ನಿನಲ್ಲಿ ಒಂದು ಪರೀಕ್ಷೆ ನಡೆಯಿತು. ಸ್ಯಾಮ್ಸನ್ ಅಂತ ಹೆಸರು, 2020ರಲ್ಲಿ ಫಲಿತಾಂಶ ಬಂತು. ನೋವು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಹನ್ನೆರಡು ತಿಂಗಳಿಗೆ ಹನ್ನೆರಡು ಬಾಟಲಿ ಕೊಟ್ಟರು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಸಪ್ಪೆ ಮಾತ್ರೆ, ನಾಲ್ಕು ಖಾಲಿ. ಮಾತ್ರೆ ಇದ್ದ ಬಾಟಲಿಯಲ್ಲಿ ಯಾವುದು ಯಾವುದು ಅಂತ ಅವರಿಗೆ ಗೊತ್ತಿಲ್ಲ. ದಿನಾ ತಮ್ಮ ನೋವಿಗೆ ಅಂಕ ಕೊಡಬೇಕು. ಖಾಲಿ ತಿಂಗಳಿನಲ್ಲಿ ನೋವು ಕಮ್ಮಿ ಇತ್ತು. ಸ್ಟಾಟಿನ್ ತಿಂಗಳಿನಲ್ಲಿ ಜಾಸ್ತಿ ಆಯಿತು. ಸಪ್ಪೆ ಮಾತ್ರೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಆಯಿತು, ಶೇಕಡಾ 90ರಷ್ಟು. ನೋವು ನಿಜವಾದ ನೋವೇ. ಅದರ ಬಹುಪಾಲು ಬಂದಿದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ಅಂಜಿಕೆಯಿಂದ. ತಮ್ಮದೇ ಅಂಕಪಟ್ಟಿ ನೋಡಿದ ಮೇಲೆ ಅರ್ಧ ಜನ ಮಾತ್ರೆ ಮತ್ತೆ ಶುರು ಮಾಡಿದರು. ಯಾರಿಗೂ ಬೈಯದೆ, ಯಾರನ್ನೂ ಹೆದರಿಸದೆ, ಅವರ ಕೈಯಲ್ಲೇ ಲೆಕ್ಕ ಬರೆಸಿದ ಆ ರೀತಿ ನನಗೆ ತುಂಬ ಇಷ್ಟವಾಯಿತು.

ತುಪ್ಪದ ಬಗ್ಗೆ ಕೇಳದೆ ಯಾರೂ ಬಿಡುವುದಿಲ್ಲ, ಅದನ್ನು ಬೇಗ ಹೇಳಿಬಿಡುತ್ತೇನೆ. ಎಣ್ಣೆ ಪ್ಯಾಕೆಟ್ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ ಅನ್ನಬಹುದು, ಕೊಬ್ಬರಿ ಎಣ್ಣೆಯಲ್ಲೂ ಇಲ್ಲ. ಆದರೆ ಕೊಬ್ಬರಿ ಎಣ್ಣೆ, ತುಪ್ಪ, ಪಾಮ್ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ. ಅದು ಲಿವರಿನ ಆ ಕೈಗಳನ್ನೇ ಕಮ್ಮಿ ಮಾಡುತ್ತದೆ. ಮಾತ್ರೆ ಒಂದು ಕಡೆ ಕೈ ಹೆಚ್ಚಿಸುತ್ತಿರುವಾಗ ಊಟ ಇನ್ನೊಂದು ಕಡೆ ಕೈ ಕಟ್ಟಿಹಾಕುವುದು ಬೇಡ ಅಂತ ಅಮ್ಮ ಈಗ ಅನ್ನಕ್ಕೆ ಹಾಕುವ ತುಪ್ಪವನ್ನು ಒಂದು ಚಮಚಕ್ಕೆ ಇಳಿಸಿದ್ದಾಳೆ. ಪೂರ್ತಿ ಬಿಡಿಸಿಲ್ಲ. ಅಪ್ಪನಿಗೆ ಈಗ ರೊಸುವಾಸ್ಟಾಟಿನ್ ಜೊತೆ ಎಜಿಟಿಮೈಬ್ ಕೂಡ ಇದೆ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವ ಬಾಗಿಲು ಮುಚ್ಚುತ್ತದೆ. ಎರಡೂ ಸೇರಿ ಎಲ್‌ಡಿಎಲ್ 54ಕ್ಕೆ ಬಂದಿದೆ. ಡೋಸ್ ದುಪ್ಪಟ್ಟು ಮಾಡಿದರೆ ಇನ್ನೂ ಇಳಿಯುತ್ತಿರಲಿಲ್ವಾ ಅಂತ ಡಾಕ್ಟರನ್ನು ಕೇಳಿದ್ದೆ. ಸ್ಟಾಟಿನ್ ದುಪ್ಪಟ್ಟು ಮಾಡಿದಾಗ ಸಿಗುವುದು ಶೇಕಡಾ 6ರಷ್ಟು ಇಳಿತ ಮಾತ್ರ, ಅದಕ್ಕೇ ಬೇರೆ ದಾರಿಯ ಔಷಧಿ ಸೇರಿಸುವುದು ಅಂದರು. ಈಗಂತೂ ವರ್ಷಕ್ಕೆ ಎರಡೇ ಸಲ ಹಾಕಿಸಿಕೊಳ್ಳುವ ಇಂಜೆಕ್ಷನ್ ಕೂಡ ಬಂದಿದೆ. ರೇಟು ಮಾತ್ರ ನಮ್ಮಂಥವರು ಎರಡು ಸಲ ಯೋಚಿಸುವಷ್ಟು.

ಮೈಲುತುತ್ತ

ಅಪ್ಪನಿಗೆ ನಿಜವಾಗಿ ಅರ್ಥ ಆಗಿದ್ದು ನನ್ನ ಹಸುವಿನ ಕತೆಯಿಂದ ಅಲ್ಲ. ಮರುವರ್ಷದ ಮೇ ಕೊನೆ. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಸುವ ಕಾಲ. ಅಂಗಳದಲ್ಲಿ ಡ್ರಮ್ ಇಟ್ಟು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗಿಸುತ್ತಿದ್ದೆವು. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಆಕಾಶ ಶುಭ್ರವಾಗಿತ್ತು. ಮರದಲ್ಲಿ ಒಂದೇ ಒಂದು ಕೊಳೆತ ಕಾಯಿ ಇರಲಿಲ್ಲ. ನಾನು ಕೇಳಿಬಿಟ್ಟೆ. "ಹೋದ ವರ್ಷ ನಮ್ಮ ತೋಟಕ್ಕೆ ಕೊಳೆ ಬರಲೇ ಇಲ್ವಲ್ಲ ಅಪ್ಪ. ಈ ವರ್ಷ ಯಾಕೆ ಸುಮ್ನೆ ಖರ್ಚು?"

"ಹೊಡೆದಿದ್ದಕ್ಕೇ ಬರಲಿಲ್ಲ" ಅಂದರು, ಕೋಲಿನಿಂದ ತಿರುವುತ್ತಲೇ. "ಕೊಳೆ ಬಂದ ಮೇಲೆ ಹೊಡೆದರೆ ಏನು ಬಂತು?" ಅಂದವರು ತಿರುವುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ನಲವತ್ತೈದು ದಿನಕ್ಕೆ ಎರಡನೇ ಸಲ, ಮಳೆ ಬಿಡದಿದ್ದರೆ ಮೂರನೇ ಸಲ, ಪ್ರತಿ ವರ್ಷ, ಐವತ್ತು ವರ್ಷದಿಂದ ಹೊಡೆಸಿದವರು. ಔಷಧಿ ಅಂಟಿದ ಕಾಯಿಯ ಮೇಲೆ ಏನೂ ಆಗದೇ ಇರುವುದನ್ನು ನೋಡಿಯೇ ನೆಮ್ಮದಿಪಟ್ಟವರು. ಆ ಬಿಸ್ಕೆಟ್ ಡಬ್ಬಿಯ ಮಾತು ಅವತ್ತು ನಮ್ಮಿಬ್ಬರ ನಡುವೆ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ಈ ವರ್ಷ ಮತ್ತೆ ಅದೇ ಅಂಗಳ, ಅದೇ ಡ್ರಮ್. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಅಪ್ಪ ಹೊಳೆಯುವ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ಹಿಡಿಯುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ತಾಮ್ರ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು ಅಂತ ಲೆಕ್ಕ. ಅದ್ದಿ ತೆಗೆದರು. ಅಲಗಿನ ತುದಿಯಲ್ಲಿ ಸಣ್ಣಗೆ ಕೆಂಪು ಇತ್ತು. ಎರಡು ಬೊಗಸೆ ಸುಣ್ಣದ ತಿಳಿ ಹಾಕಿಸಿ, ತಿರುವಿಸಿ, ಮತ್ತೆ ಅದ್ದಿದರು. ಈ ಸಲ ಅಲಗು ಹೊಳೆಯುತ್ತಲೇ ಬಂತು. ಲುಂಗಿಯ ಅಂಚಿಗೆ ಕತ್ತಿ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆಯೇ ಕೇಳಿದರು.

"ನಿಂಗೀಗ ನಲವತ್ತೊಂದು ಅಲ್ವಾ. ನಿನ್ನ ಎಲ್‌ಡಿಎಲ್ ಎಷ್ಟಿದೆ?"

ನಾನು ಕೊನೇ ಸಲ ರಕ್ತ ಕೊಟ್ಟು ನಾಲ್ಕು ವರ್ಷ ಆಗಿತ್ತು. "ನೋಡ್ಸಿಲ್ಲ" ಅಂದೆ. "ನಾಳೆ ಪೇಟೆಗೆ ಹೋಗೋದಿದೆಯಲ್ಲ, ಖಾಲಿ ಹೊಟ್ಟೇಲಿ ಹೊರಡು" ಅಂದು ಅಪ್ಪ ದೋಟಿ ಹಿಡಿದು ಔಷಧಿ ಹೊಡೆಯುವವರನ್ನು ಕೂಗಲು ತೋಟದ ಕಡೆ ಇಳಿದರು.